ಬಂದೂಕು ವಿಮರ್ಶೆ ಮಾಡುವವರೆಲ್ಲ ಕಂಪನಿಯ ದುಡ್ಡು ತಿಂದವರೇ? ಕ್ಯಾಮೆರಾ ಹಿಡಿದವನ ಮಾತು

ಬೆಟ್ಟದ ಮನೆ (ಶಿರಸಿ):

ಕಳೆದ ವಾರ ಸಿದ್ದಾಪುರದ ಕಡೆ ಒಂದು ಉಪನಯನಕ್ಕೆ ಹೋಗಿದ್ದೆ. ಊಟ ಮುಗಿಸಿ ಜಗಲಿಯ ಮೇಲೆ ಕವಳ ಹಾಕುತ್ತ ಕುಳಿತಿದ್ದೆವು. ಮಾತು ಮಂಗನ ಕಾಟಕ್ಕೆ ಬಂತು, ಅಲ್ಲಿಂದ ಕೋವಿಗೆ ಬಂತು. ನೆಂಟರ ಹುಡುಗನೊಬ್ಬ ಮೊಬೈಲಿನಲ್ಲಿ ಅಮೆರಿಕದ ಒಂದು ವಿಡಿಯೋ ತೋರಿಸಿದ. ಪಿಸ್ತೂಲು ಕೈ ಜಾರಿ ಬಿದ್ದರೆ ತಾನಾಗಿಯೇ ಈಡು ಹಾರುವುದನ್ನು ಪರೀಕ್ಷೆ ಮಾಡಿ ತೋರಿಸಿದ ವಿಡಿಯೋ. ಹಿರಿಯರೊಬ್ಬರು ನೋಡಿ, "ಇದು ಎದುರು ಕಂಪನಿಯವರು ದುಡ್ಡು ಕೊಟ್ಟು ಮಾಡಿಸಿದ್ದು. ಇವರು ಹೊಗಳಿದರೂ ದುಡ್ಡು, ಬೈದರೂ ದುಡ್ಡು" ಅಂದರು. ಎಲ್ಲರೂ ತಲೆಯಾಡಿಸಿದರು. ಹುಡುಗ ಮೊಬೈಲು ಜೇಬಿಗೆ ಹಾಕಿಕೊಂಡ.

ನನಗೆ ಅದು ಮನಸ್ಸಿನಿಂದ ಹೋಗಲೇ ಇಲ್ಲ. ಆ ಹಿರಿಯರ ಮನೆಯಲ್ಲೂ ಕೋವಿ ಇದೆ. ಕೋವಿ ಇರುವ ಮನೆಯವರು 'ಬಿದ್ದರೆ ಏನಾಗುತ್ತದೆ' ಎಂಬ ಎಚ್ಚರಿಕೆಯನ್ನು ಹೀಗೆ ತಳ್ಳಿಹಾಕಬಾರದು. ಅದಕ್ಕೇ ನಾನು ಕಣ್ಣಾರೆ ಕಂಡಿದ್ದನ್ನು ಬರೆಯುತ್ತಿದ್ದೇನೆ.

2016ರಿಂದ 2022ರವರೆಗೆ ನಾನು ಅರಿಜೋನಾದಲ್ಲಿದ್ದೆ, ಸಾಫ್ಟ್‌ವೇರ್ ಕೆಲಸಕ್ಕೆ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯನೊಬ್ಬ ಬಂದೂಕುಗಳ ವಿಮರ್ಶೆ ಬರೆಯುತ್ತಿದ್ದ, ವಿಡಿಯೋ ಮಾಡುತ್ತಿದ್ದ. ಶನಿವಾರ ಬೆಳಿಗ್ಗೆ ಶೂಟಿಂಗ್ ರೇಂಜಿಗೆ ಹೋದರೆ ನನ್ನ ಕೆಲಸ ಕ್ಯಾಮೆರಾ ಹಿಡಿಯುವುದು ಮತ್ತು ಈಡುಗಳ ಲೆಕ್ಕ ಬರೆಯುವುದು. ನಾನು ಬಂದೂಕು ಮುಟ್ಟುತ್ತಿರಲಿಲ್ಲ. ಕೆಲಸದ ವೀಸಾದ ಮೇಲೆ ಇರುವವರು, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿ ಬಿಟ್ಟರೆ, ಬಂದೂಕು ಇಟ್ಟುಕೊಳ್ಳುವಂತಿಲ್ಲ ಎಂಬುದು ಅಲ್ಲಿನ ಕಾನೂನು. ಹಾಗಾಗಿ ನಾನು ನೋಡುವುದಕ್ಕೇ ಜಾಸ್ತಿ ಹೊತ್ತು ಕೊಟ್ಟೆ.

ಮೊದಲನೆಯದು, 'ಬಂದೂಕು ಪುಕ್ಕಟೆ ಸಿಗುತ್ತದೆ' ಎಂಬ ಮಾತು. ಇಲ್ಲ. ಅವನಿಗೆ ಬರುತ್ತಿದ್ದದ್ದು ಕಡ. ಎರಡು ಮೂರು ತಿಂಗಳ ಮಟ್ಟಿಗೆ. ಅದೂ ಮನೆ ಬಾಗಿಲಿಗೆ ಬರುವುದಿಲ್ಲ. ಕಂಪನಿ ಅದನ್ನು ಊರಿನ ಲೈಸೆನ್ಸ್ ಇರುವ ಅಂಗಡಿಗೆ ಕಳಿಸುತ್ತದೆ. ಇವನು ಅಲ್ಲಿಗೆ ಹೋಗಿ 4473 ಎಂಬ ಸರ್ಕಾರಿ ಫಾರಂ ತುಂಬಬೇಕು, ಹಿನ್ನೆಲೆ ತಪಾಸಣೆ ಆಗಬೇಕು. ಅಂಗಡಿಯವನ ಶುಲ್ಕ ಇವನೇ ಕೊಡುತ್ತಿದ್ದ. ಅವಧಿ ಮುಗಿದ ಮೇಲೆ ವಾಪಸ್ ಕಳಿಸಬೇಕು, ಇಲ್ಲವೇ ಸ್ವಲ್ಪ ಕಡಿಮೆ ದರಕ್ಕೆ ಕೊಂಡುಕೊಳ್ಳಬೇಕು. ನಾನು ನೋಡಿದಷ್ಟು ದಿನ ಹೆಚ್ಚಿನವು ವಾಪಸ್ಸೇ ಹೋದವು.

ತೋಟಾದ ಖರ್ಚು ಅವನದೇ. ಒಂದು ಪಿಸ್ತೂಲಿಗೆ 500 ಈಡು ಹೊಡೆಯಬೇಕು ಎಂದು ಅವನು ನಿಯಮ ಇಟ್ಟುಕೊಂಡಿದ್ದ. 9 ಎಂಎಂ ತೋಟಾ ಒಂದಕ್ಕೆ 20 ಸೆಂಟ್ ಆಸುಪಾಸು ಇದ್ದಾಗಲೇ ಅದು 100 ಡಾಲರ್. ಕೊರೋನಾ ಕಾಲದಲ್ಲಿ ಅಲ್ಲಿ ತೋಟಾ ಸಿಗುವುದೇ ಕಷ್ಟವಾಯಿತು, 2021ರ ಶುರುವಿನಲ್ಲಿ ದರ ಮೂರು ನಾಲ್ಕು ಪಟ್ಟು ಏರಿತು. ಆಗ 500 ಇದ್ದದ್ದು 150ಕ್ಕೆ ಇಳಿಯಿತು. ಇವನೊಬ್ಬನೇ ಅಲ್ಲ, ಗೊತ್ತಿದ್ದ ಇನ್ನಿಬ್ಬರು ವಿಮರ್ಶಕರೂ ಹಾಗೇ ಮಾಡಿದರು. ಆ ವರ್ಷದ ವಿಮರ್ಶೆಗಳು ಸ್ವಲ್ಪ ತೆಳು ಇದ್ದರೆ ಕಾರಣ ಲಂಚ ಅಲ್ಲ, ತೋಟಾ ಇಲ್ಲದ್ದು.

ಎರಡನೆಯದು, ಕಂಪನಿಯವರು ಮೊದಲೇ ಓದಿ ತಿದ್ದುತ್ತಾರೆ ಎಂಬುದು. ಆರು ವರ್ಷದಲ್ಲಿ ಒಬ್ಬರೂ 'ಹೀಗೆ ಬರೆಯಿರಿ' ಅಂದಿದ್ದು ನಾನು ನೋಡಿಲ್ಲ. ತೂಕ, ಬೆಲೆ, ನಳಿಗೆಯ ಉದ್ದ ಸರಿಯಿದೆಯೇ ಎಂದು ಇವನೇ ಕೇಳಿ ಖಚಿತ ಮಾಡಿಕೊಳ್ಳುತ್ತಿದ್ದ, ಅಷ್ಟೇ. ದುಡ್ಡೋ ವಸ್ತುವೋ ಪಡೆದು ಹೊಗಳಿದರೆ ಅದನ್ನು ನೋಡುವವರಿಗೆ ಸ್ಪಷ್ಟವಾಗಿ ಹೇಳಬೇಕು ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಹೇಳುತ್ತದೆ. 2023ರಲ್ಲಿ ಆ ಮಾರ್ಗಸೂಚಿಯನ್ನು ಇನ್ನೂ ಬಿಗಿ ಮಾಡಿದರು.

ಹಾಗಂತ ಎಲ್ಲ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ತೊಂದರೆ ಇದೆ. ನಾವು ಹುಡುಕುವ ಜಾಗದಲ್ಲಿ ಇಲ್ಲ, ಅಷ್ಟೇ.

ಕಾಳಿ ಸಂಗಮ (ಸದಾಶಿವಗಡ):

ಅಣ್ಣಾ, ಚೆನ್ನಾಗಿ ಬರೆದಿದ್ದೀರಿ, ಆದರೆ ನಾನು ಪೂರ್ತಿ ಒಪ್ಪುವುದಿಲ್ಲ. ಕಡ ಆದರೂ ಋಣ ಋಣವೇ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ಬೆಳೆದವರು ನಾವು. ನಾಳೆ ಮತ್ತೊಂದು ಬಂದೂಕು ಬೇಕು ಎನ್ನುವವನು ಇವತ್ತು ಗಟ್ಟಿಯಾಗಿ ಬೈಯುತ್ತಾನಾ? ಇನ್ನು ಪತ್ರಿಕೆಗಳ ವಿಷಯ. ಒಂದು ಪುಟದಲ್ಲಿ ವಿಮರ್ಶೆ, ಪಕ್ಕದ ಪುಟದಲ್ಲಿ ಅದೇ ಕಂಪನಿಯ ಜಾಹೀರಾತು. ಇದನ್ನು ನೋಡಿದ ಜನ ಸಂಶಯ ಪಟ್ಟರೆ ತಪ್ಪು ಜನರದ್ದಾ?

ಬೆಟ್ಟದ ಮನೆ (ಶಿರಸಿ):

ತಪ್ಪು ಜನರದ್ದಲ್ಲ. ಸಂಶಯ ಇರಲಿ. ಎಲ್ಲಿ ಪಡಬೇಕು ಅನ್ನುವುದನ್ನೇ ಹೇಳುತ್ತೇನೆ.

ಅಡಿಕೆ ಟೆಂಡರಿಗೆ ಇಟ್ಟಾಗ ವ್ಯಾಪಾರಿ ಏನು ಮಾಡುತ್ತಾನೆ? ಮೇಲಿನ ಪದರ ನೋಡಿ ದರ ಬರೆಯುವುದಿಲ್ಲ. ಕೈ ಒಳಗೆ ಹಾಕುತ್ತಾನೆ, ಅಡಿಯಿಂದ ಒಂದು ಹಿಡಿ ತೆಗೆಯುತ್ತಾನೆ, ಒಂದೆರಡು ಕತ್ತರಿಸಿ ನೋಡುತ್ತಾನೆ. ಬಂದೂಕು ವಿಮರ್ಶಕನಿಗೆ ಆ ಅವಕಾಶ ಇಲ್ಲ. ಅವನ ಕೈಗೆ ಬರುವುದು ಒಂದೇ ಒಂದು, ಅದನ್ನು ಆರಿಸಿದವರು ಮಾರುವವರು. ಯಾರೂ ಯಾರಿಗೂ ದುಡ್ಡು ಕೊಡದೆಯೂ ಅಲ್ಲಿ ಮೋಸ ಆಗಬಹುದು.

ರೆಮಿಂಗ್ಟನ್ ಆರ್51 ಎಂಬ ಪಿಸ್ತೂಲಿನ ಕಥೆ ಇದೇ. 2014ರ ಜನವರಿಯಲ್ಲಿ ಅದು ಹೊರಬಂತು. ಕಂಪನಿ ಮೊದಲೇ ಕೈಗೆ ಕೊಟ್ಟವುಗಳನ್ನು ಹೊಡೆದು ನೋಡಿದ ಬರಹಗಾರರು ಮೆಚ್ಚಿ ಬರೆದರು. ಅವರು ಸುಳ್ಳು ಬರೆದರು ಎಂದು ನನಗೆ ಅನಿಸುವುದಿಲ್ಲ, ಅವರ ಕೈಯಲ್ಲಿ ಅದು ಚೆನ್ನಾಗಿಯೇ ನಡೆದಿರಬೇಕು. ಆದರೆ ಕಾರ್ಖಾನೆಯಿಂದ ಸಾಲು ಸಾಲಾಗಿ ಬಂದು ಅಂಗಡಿಯಲ್ಲಿ ಮಾರಾಟವಾದವುಗಳಲ್ಲಿ ಒಂದರ ಮೇಲೊಂದು ತೊಂದರೆ. ಅದೇ ವರ್ಷ ಕಂಪನಿ ಅವುಗಳನ್ನು ವಾಪಸ್ ಕರೆಸಿಕೊಂಡಿತು, 2016ರಲ್ಲಿ ಸರಿಮಾಡಿ ಮತ್ತೆ ತಂದಿತು. ಮಾದರಿ ಬೇರೆ, ಮೂಟೆ ಬೇರೆ.

ಇನ್ನೊಂದು ಹೊತ್ತಿನ ವಿಷಯ. ಹೊಸ ಬಂದೂಕಿಗೆ ಬಿಡುಗಡೆಯ ದಿನ ಅಂತ ಒಂದು ಇರುತ್ತದೆ, ಅದಕ್ಕೆ ಮೊದಲು ಯಾರೂ ಏನೂ ಹಾಕುವಂತಿಲ್ಲ. ಆ ಬೆಳಿಗ್ಗೆ ಹತ್ತಾರು ವಿಡಿಯೋ ಒಟ್ಟಿಗೆ ಬರುತ್ತವೆ. ಒಂದು ದಿನ ತಡವಾದರೆ ನೋಡುವವರಿಲ್ಲ. ನನ್ನ ಗೆಳೆಯನಿಗೆ ಒಮ್ಮೆ ಬಂದೂಕು ಕೈಗೆ ಸಿಕ್ಕಿದ್ದು ಬಿಡುಗಡೆಗೆ ಐದು ದಿನ ಮೊದಲು. ಐದು ದಿನದಲ್ಲಿ ಒಂದು ಶನಿವಾರ. ಒಂದು ಶನಿವಾರದಲ್ಲಿ ಏನು ಗೊತ್ತಾಗುತ್ತದೆ? ಸ್ಪ್ರಿಂಗ್ ಸವೆಯುವುದು, ಸ್ಕ್ರೂ ಸಡಿಲವಾಗುವುದು ಯಾವುದೂ ಕಾಣುವುದಿಲ್ಲ. ಅವನೇ ಅದಕ್ಕೆ 'ಪರಿಚಯ' ಎಂದು ಹೆಸರಿಟ್ಟ, 'ವಿಮರ್ಶೆ' ಎಂದು ಬರೆಯಲಿಲ್ಲ. ನೋಡಿದವರು ಮಾತ್ರ ವಿಮರ್ಶೆ ಎಂದೇ ತಿಳಿದರು.

'ಯಾರೂ ಬೈಯುವುದೇ ಇಲ್ಲ' ಎನ್ನುವುದಕ್ಕೂ ಅರ್ಧ ಉತ್ತರ ಇಲ್ಲಿದೆ. ಕೆಟ್ಟದ್ದು ಬಂದರೆ ತುಂಬ ಜನ ಅದನ್ನು ಸುಮ್ನೆ ವಾಪಸ್ ಕಳಿಸಿಬಿಡುತ್ತಾರೆ. ಬರೆಯುವುದೇ ಇಲ್ಲ. ಇದನ್ನು ನಾನು ಸಮರ್ಥಿಸುವುದಿಲ್ಲ. ಕೊಳ್ಳುವವನಿಗೆ ಬೇಕಾಗಿದ್ದ ಮಾತು ಅಲ್ಲಿ ಉಳಿದುಹೋಗುತ್ತದೆ.

ನಾನೇ ಕಂಡ ಒಂದು ಸಂಗತಿ. ಕಂಪನಿಯ ಹೆಸರು ಬೇಡ. ಒಂದು ಪಿಸ್ತೂಲು 60 ಈಡಿನೊಳಗೆ ನಾಲ್ಕು ಸಲ ಜಾಮ್ ಆಯಿತು. ಮ್ಯಾಗಝಿನ್ (ತೋಟಾ ತುಂಬುವ ಡಬ್ಬಿ) ಬದಲಿಸಿದೆವು, ತೋಟಾದ ಕಂಪನಿ ಬದಲಿಸಿದೆವು, ಎಣ್ಣೆ ಹಾಕಿದೆವು. ಮತ್ತೆ ಅದೇ. ಇವನು ಮೇಲ್ ಮಾಡಿದ. ತಕ್ಷಣ ಉತ್ತರ ಬಂತು, ತುಂಬ ಮರ್ಯಾದೆಯಿಂದ. 'ಇದನ್ನು ಕಳಿಸಿ, ನಾವು ನೋಡುತ್ತೇವೆ, ಬೇರೆ ಒಂದು ಕಳಿಸುತ್ತೇವೆ.' ಎರಡನೆಯದು ಬಂತು. 500 ಈಡು ಒಂದೂ ತಪ್ಪದೆ ಹಾರಿತು. ಈಗ ಅವನು ಏನು ಬರೆಯಬೇಕು ಹೇಳಿ. ಅಂಗಡಿಯಲ್ಲಿ ಕೊಂಡವನಿಗೆ ಮೊದಲನೆಯಂಥದ್ದು ಸಿಗುತ್ತದೋ ಎರಡನೆಯಂಥದ್ದೋ ಯಾರಿಗೆ ಗೊತ್ತು? ಕಂಪನಿ ಕೆಟ್ಟ ಮಾತು ಆಡಲಿಲ್ಲ, ಬೆದರಿಸಲಿಲ್ಲ. ಆ ಮರ್ಯಾದೆಯೇ ಕಷ್ಟ. ಸದಾಶಿವಗಡದವರೇ, ನೀವು ಹೇಳಿದ ಋಣ ಇರುವುದು ಇಲ್ಲಿ.

ದೋಟಿ ಕೊಯ್ಲು (ಯಲ್ಲಾಪುರ):

ಇದನ್ನು ಓದಿ ಎದೆಗೆ ತಾಗಿತು. ನನಗೆ ಕೋವಿಯ ವಿಷಯ ಗೊತ್ತಿಲ್ಲ. ನಾನು ತೋಟದ ಸಲಕರಣೆಗಳ ವಿಡಿಯೋ ಮಾಡುತ್ತೇನೆ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಅದರದ್ದೇ ಜಾಸ್ತಿ. ನೆಲದ ಮೇಲೆ ನಿಂತು ಕೊನೆ ಕೊಯ್ಯಬಹುದು, ಕೊಳೆ ಔಷಧ ಹೊಡೆಯಬಹುದು, ಅದಕ್ಕೇ ಎಲ್ಲರಿಗೂ ಕುತೂಹಲ.

ಒಬ್ಬರು ಮಾರಾಟಗಾರರು ನೋಡಲಿಕ್ಕೆ ಒಂದು ದೋಟಿ ಕೊಟ್ಟರು. ಮೂರನೇ ದಿನ ಜೋಡಣೆಯ ಹತ್ತಿರ ಸಣ್ಣ ಬಿರುಕು. ಫೋನ್ ಮಾಡಿದೆ. ಅವರು 'ಹಾಕಬೇಡಿ' ಅನ್ನಲಿಲ್ಲ. 'ತಮ್ಮಾ, ಹಾಕುವ ಮೊದಲು ನಮಗೊಂದು ಮಾತು ಹೇಳು' ಅಂದರು, ಅಷ್ಟೇ. ನಾನು 15 ದಿನ ವಿಡಿಯೋ ಹಾಕಲಿಲ್ಲ. ಯಾರೂ ತಡೆದಿರಲಿಲ್ಲ, ಆದರೂ ಕೈ ಬರಲಿಲ್ಲ. ಆ 15 ದಿನದಲ್ಲಿ ನಮ್ಮ ಕೇರಿಯವರೇ ಒಬ್ಬರು ಅದೇ ದೋಟಿ ತಂದರು. ಅವರದ್ದು ಇಂದಿಗೂ ಚೆನ್ನಾಗಿದೆ. ಆದರೂ ಅವರ ಎದುರು ಸಿಕ್ಕಾಗೆಲ್ಲ ನನಗೆ ಅದು ನೆನಪಾಗುತ್ತದೆ.

ಬೇಲೇಕೇರಿ ಗಾಳಿ (ಅಂಕೋಲಾ):

ಬೆಟ್ಟದ ಮನೆ ಅಣ್ಣ, ನಾನು ಕಾಲೇಜಿನಲ್ಲಿ ಎನ್‌ಸಿಸಿಯಿಂದ ಶುರುಮಾಡಿ ಈಗ 10 ಮೀಟರ್ ಏರ್ ರೈಫಲ್ ಆಡುತ್ತೇನೆ. ನೀವು ಹೇಳಿದ ಮಾದರಿಯ ವಿಷಯ ನಮ್ಮಲ್ಲಿ ಇನ್ನೂ ಸೂಕ್ಷ್ಮ. ನಮ್ಮ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ಪೆಲೆಟ್ಟು, ಅಂದರೆ ಏರ್ ರೈಫಲಿನ ಸಣ್ಣ ಗುಂಡು, 4.5 ಮಿಲಿಮೀಟರ್. ಅಲ್ಲಿ ಒಂದು ಕೂದಲಿನಷ್ಟು ವ್ಯತ್ಯಾಸವೂ ಅಂಕ ತಿನ್ನುತ್ತದೆ.

ಪೆಲೆಟ್ ಡಬ್ಬಿಯ ಮೇಲೆ ಬ್ಯಾಚ್ ನಂಬರ್ ಇರುತ್ತದೆ. ಒಂದೇ ಕಂಪನಿ, ಒಂದೇ ಹೆಸರು, ಒಂದೇ ಅಳತೆ, ಆದರೂ ಒಂದು ಬ್ಯಾಚ್ ನನ್ನ ರೈಫಲಿಗೆ ಹೊಂದುತ್ತದೆ, ಇನ್ನೊಂದು ಹೊಂದುವುದಿಲ್ಲ. ಅದಕ್ಕೆ ರೈಫಲನ್ನು ಹಿಡಿಕೆಯಲ್ಲಿ ಬಿಗಿದು, ಕೈ ಅಲುಗದಂತೆ ಮಾಡಿ, ಒಂದೊಂದು ಬ್ಯಾಚನ್ನೂ ಹೊಡೆದು ನೋಡುತ್ತಾರೆ. ಸರಿ ಬಂದ ಬ್ಯಾಚನ್ನು ಒಟ್ಟಿಗೆ ಕೊಂಡು ಇಟ್ಟುಕೊಳ್ಳುತ್ತಾರೆ. ನನ್ನ ಗೆಳತಿಯದು ಮತ್ತು ನನ್ನದು ಒಂದೇ ಮಾಡೆಲ್. ಅವಳಿಗೆ ಸರಿಬಂದ ಡಬ್ಬಿ ನನಗೆ ಬರಲಿಲ್ಲ.

ಆದ್ದರಿಂದ 'ಈ ಬಂದೂಕು ನಿಖರ' ಎಂದು ಯಾರಾದರೂ ಒಂದು ಗುರಿಹಲಗೆ ತೋರಿಸಿದರೆ ನಾನು ಕೇಳುವುದು ಇಷ್ಟು: ಯಾವ ತೋಟಾ, ಎಷ್ಟು ಗುಂಪು (ಒಂದೇ ಗುರಿಗೆ ಸಾಲಾಗಿ ಹೊಡೆದ ಈಡುಗಳು), ಉಳಿದ ಹಲಗೆ ಎಲ್ಲಿ? ದುಡ್ಡು ಎಷ್ಟು ತಗೊಂಡೆ ಎಂದು ಕೇಳುವುದಕ್ಕಿಂತ ಇದರಿಂದ ಜಾಸ್ತಿ ಗೊತ್ತಾಗುತ್ತದೆ.

ಹಳೇ ನಾವಿಕ (ಬಿಣಗಾ):

ತಂಗೀ, ಸರಿಯಾಗಿ ಹೇಳಿದೆ. ನಾನು ನೌಕಾಪಡೆಯಲ್ಲಿದ್ದವನು, ಕೊನೆಯ ಕೆಲವು ವರ್ಷ ಆಯುಧದ ಕೋಠಿಯ ಜವಾಬ್ದಾರಿ. ಎರಡು ಮಾತು ಸೇರಿಸುತ್ತೇನೆ.

ಒಂದು, ಹವೆ. ಅರಿಜೋನಾದ ಮರುಭೂಮಿಯಲ್ಲಿ ನಿಂತು 'ಇದರ ಲೇಪನ ಗಟ್ಟಿ, ತುಕ್ಕು ಹಿಡಿಯುವುದಿಲ್ಲ' ಅಂದರೆ ಅವನು ಸುಳ್ಳು ಹೇಳಿದ ಹಾಗಲ್ಲ. ಆದರೆ ಕಾರವಾರದ ಕಡಲ ಗಾಳಿಗೆ ಬೈಕಿನ ಚೈನು ಒಂದು ತಿಂಗಳಲ್ಲಿ ಕೆಂಪಾಗುತ್ತದೆ. ಮಳೆಗಾಲದಲ್ಲಿ ಬೀರುವಿನೊಳಗಿನ ಚರ್ಮದ ಬೆಲ್ಟಿಗೆ ಬೂಸಲು ಬರುತ್ತದೆ. ಕೋವಿಯನ್ನು ಚರ್ಮದ ಚೀಲದಲ್ಲಿ ಇಟ್ಟು ಮರೆತರೆ ನಳಿಗೆ ಮುಗಿಯಿತು. ಅಲ್ಲಿಯ ಮಾತನ್ನು ಇಲ್ಲಿಗೆ ಹಾಗೇ ತರಬಾರದು.

ಎರಡು, ಬೀಳುವ ಪರೀಕ್ಷೆ. ಉಪನಯನದ ಮನೆಯಲ್ಲಿ ನೋಡಿದ್ದು ಸಿಗ್ ಸಾವರ್ ಪಿ320 ವಿಡಿಯೋ ಇರಬೇಕು, ಅಲ್ವಾ? 2017ರ ಜನವರಿಯಲ್ಲಿ ಅಮೆರಿಕದ ಭೂಸೇನೆ ಅದರ ಒಂದು ರೂಪವನ್ನು ತನ್ನ ಪಿಸ್ತೂಲಾಗಿ ಆರಿಸಿತ್ತು. ಅದೇ ಆಗಸ್ಟಿನಲ್ಲಿ ಜನರಿಗೆ ಮಾರಿದ ಪಿಸ್ತೂಲು ಒಂದು ಕೋನದಲ್ಲಿ ಹಿಂಬದಿಯಾಗಿ ಬಿದ್ದರೆ ಈಡು ಹಾರುತ್ತದೆ ಎಂದು ಗೊತ್ತಾಯಿತು. ನಿಗದಿಯಾದ ಪರೀಕ್ಷೆಗಳಲ್ಲಿ ಅದು ಪಾಸಾಗಿತ್ತು. ಆ ಪರೀಕ್ಷೆಯ ಪಟ್ಟಿಯಲ್ಲಿ ಆ ಕೋನ ಇರಲಿಲ್ಲ. ಕೈಯಿಂದ ಜಾರುವ ವಸ್ತು ಪಟ್ಟಿ ನೋಡಿಕೊಂಡು ಬೀಳುವುದಿಲ್ಲ.

ಬೆಟ್ಟದ ಮನೆ (ಶಿರಸಿ):

ಹೌದು, ಅದೇ. ಅದನ್ನು ಬೀಳಿಸಿ ತೋರಿಸಿದವರಲ್ಲಿ ಒಮಾಹಾ ಔಟ್‌ಡೋರ್ಸ್ ಎಂಬ ಅಂಗಡಿಯವರು ಮುಖ್ಯರು. ಅವರು ಬಂದೂಕು ಮಾರುವವರು. ಸುಮ್ಮನಿದ್ದಿದ್ದರೆ ಅವರಿಗೇ ಲಾಭ. ಅದೇ ವಾರ ಕಂಪನಿ ಪುಕ್ಕಟೆಯಾಗಿ ಬದಲಾವಣೆ ಮಾಡಿಕೊಡುವುದಾಗಿ ಹೇಳಿತು, ಟ್ರಿಗರ್ ಮತ್ತು ಒಳಗಿನ ಕೆಲವು ಭಾಗಗಳನ್ನು ಹಗುರ ಮಾಡಿತು. ನನ್ನ ಗೆಳೆಯನ ಹತ್ತಿರವೂ ಅದೇ ಪಿಸ್ತೂಲು ಇತ್ತು, ಅವನೂ ಕಳಿಸಿದ. 'ಎದುರು ಕಂಪನಿಯ ದುಡ್ಡು' ಎಂದು ನಂಬಿದವನು ಕಳಿಸುತ್ತಿದ್ದನೇ? ಹಿರಿಯರ ಮಾತಿನಲ್ಲಿ ನನಗೆ ನೋವಾಗಿದ್ದು ಅದಕ್ಕೇ.

ಕಾಳಿ ಸಂಗಮ (ಸದಾಶಿವಗಡ):

ಸರಿ, ಅದು ಒಪ್ಪಿದೆ. ಆದರೆ ಕಂಪನಿ ಸಿಟ್ಟಾದರೆ ಬರೆಯುವವನ ಗತಿ ಏನು? ಅದನ್ನು ನೀವು ಹೇಳಲೇ ಇಲ್ಲ.

ಬೆಟ್ಟದ ಮನೆ (ಶಿರಸಿ):

ಹೇಳುತ್ತೇನೆ. ಡಿಕ್ ಮೆಟ್‌ಕಾಫ್ ಎಂಬ ಹಿರಿಯ ಬರಹಗಾರ ಅಮೆರಿಕದ ಬಂದೂಕು ಪತ್ರಿಕೆಗಳಲ್ಲಿ ದಶಕಗಳ ಕಾಲ ಬರೆದವರು. 2013ರ ಕೊನೆಗೆ 'ಗನ್ಸ್ ಅಂಡ್ ಆಮೋ' ಪತ್ರಿಕೆಯ ಒಂದು ಅಂಕಣದಲ್ಲಿ, ಬಂದೂಕಿನ ಹಕ್ಕಿಗೂ ಒಂದಿಷ್ಟು ನಿಯಮ ಇರಬಹುದು ಎಂಬ ಅರ್ಥದ ಮಾತು ಬರೆದರು. ಓದುಗರು ಸಿಡಿದರು. ಚಂದಾ ನಿಲ್ಲಿಸುತ್ತೇವೆ ಅಂದರು. ಎರಡು ದೊಡ್ಡ ಬಂದೂಕು ಕಂಪನಿಗಳೂ ಪತ್ರಿಕೆಯ ಮೇಲೆ ಒತ್ತಡ ಹಾಕಿದವು ಎಂದು ಆಮೇಲೆ ಮೆಟ್‌ಕಾಫ್ ಅವರೇ ಹೇಳಿದರು. ಅವರ ಕೆಲಸ ಹೋಯಿತು. ಸಂಪಾದಕರು ಕ್ಷಮೆ ಕೇಳಿ ತಾವೂ ಜಾಗ ಬಿಟ್ಟರು.

ಅದು ಬಂದೂಕಿನ ವಿಮರ್ಶೆ ಅಲ್ಲ, ಅಭಿಪ್ರಾಯ. ಆದರೂ ಬರೆಯುವವರು ಯಾರಿಗೆ ಹೆದರುತ್ತಾರೆ ಎಂಬುದು ಅದರಲ್ಲಿ ಕಾಣುತ್ತದೆ. ಕಂಪನಿಗೆ ಹೌದು, ಅದರ ಜೊತೆಗೆ ಓದುಗರಿಗೆ. ನನ್ನ ಗೆಳೆಯನಿಗೆ ಬಂದ ಅತಿ ಕೆಟ್ಟ ಕಾಮೆಂಟುಗಳು ಯಾವ ಕಂಪನಿಯಿಂದಲೂ ಬಂದವಲ್ಲ. ಒಂದು ಹೆಸರಾಂತ ಪಿಸ್ತೂಲಿನ ಹಿಡಿ ಸರಿಯಿಲ್ಲ ಅಂದಿದ್ದಕ್ಕೆ ಅದನ್ನು ಈಗಾಗಲೇ ಕೊಂಡವರು ಬರೆದಿದ್ದು. ತಾನು ದುಡ್ಡು ಹಾಕಿದ್ದನ್ನು ಯಾರೂ ಬೈಯಬಾರದು ಎಂಬ ಆಸೆ ನಮಗೆಲ್ಲ ಇದೆ. ಅದು ವಿಮರ್ಶಕನ ಬಾಯಿಯನ್ನು ನಿಧಾನಕ್ಕೆ ಮುಚ್ಚುತ್ತದೆ.

ಅಘನಾಶಿನಿ ದಂಡೆ (ಕುಮಟಾ):

ನನ್ನದು ಸಣ್ಣ ಪ್ರಶ್ನೆ. ಅಪ್ಪನ ಹೆಸರಿನಲ್ಲಿ ಬೆಳೆ ರಕ್ಷಣೆಯ ಲೈಸೆನ್ಸ್ ಇದೆ, ಒಂಟಿ ನಳಿಗೆ ಕೋವಿ, ತುಂಬ ಹಳೆಯದು. ಜೋಡಿ ನಳಿಗೆಯದು ತರೋಣ ಎಂದು ಮನೆಯಲ್ಲಿ ಮಾತು. ರಾತ್ರಿಯೆಲ್ಲ ವಿಡಿಯೋ ನೋಡುತ್ತೇನೆ, ಎಲ್ಲ ಅಮೆರಿಕದ್ದು. ನಮ್ಮಲ್ಲಿ ಯಾಕೆ ಯಾರೂ ಹೀಗೆ ವಿಮರ್ಶೆ ಮಾಡುವುದಿಲ್ಲ?

ಹಳೇ ನಾವಿಕ (ಬಿಣಗಾ):

ಮಗಾ, ಇಲ್ಲಿ ಕಡ ಕೊಡುವ ಹಾಗೇ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಲೈಸೆನ್ಸ್ ಒಬ್ಬರ ಹೆಸರಿಗೆ, ಅದರಲ್ಲಿ ಬರೆದ ಆಯುಧಕ್ಕೆ. ಬೇರೆಯವರು ಅದನ್ನು ಹಿಡಿದುಕೊಂಡು ಹೋಗಬೇಕಾದರೆ ಲೈಸೆನ್ಸ್ ಇರುವವರು ಜೊತೆಗಿರಬೇಕು ಅಥವಾ ಬರೆದು ಕೊಟ್ಟಿರಬೇಕು, ಅದೂ ರಿಪೇರಿ, ನವೀಕರಣದಂಥ ಕೆಲಸಕ್ಕೆ. ತೋಟಾ ಕೂಡ ಲೈಸೆನ್ಸಿನಲ್ಲಿ ಬರೆದಷ್ಟೇ. ಇನ್ನು 500 ಈಡಿನ ಪರೀಕ್ಷೆ ಎಲ್ಲಿಂದ? 2019ರ ತಿದ್ದುಪಡಿಯ ಮೇಲೆ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿಯಿತು. ಸಂಭ್ರಮಕ್ಕೆ ಗಾಳಿಯಲ್ಲಿ ಹೊಡೆದು ಬೇರೆಯವರಿಗೆ ಅಪಾಯ ಮಾಡಿದರೆ ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ವಿಡಿಯೋಗಾಗಿ ತೋಟದಲ್ಲಿ ನಿಂತು ಹೊಡೆಯುವ ಕೆಲಸ ಮಾಡಬೇಡ.

ಬೆಟ್ಟದ ಮನೆ (ಶಿರಸಿ):

ಕುಮಟೆಯವರೇ, ನೀವು ನೋಡುವ ವಿಡಿಯೋಗಳಲ್ಲಿ ಅರ್ಧಕ್ಕರ್ಧ 9 ಎಂಎಂ ಪಿಸ್ತೂಲಿನದ್ದು. ಅದು ನಮ್ಮಲ್ಲಿ ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ಅಳತೆ), ನಮಗೆ ಸಿಗುವುದೇ ಇಲ್ಲ. ನಿಮಗೆ ಬೇಕಾದದ್ದು 12 ಬೋರ್ ಕೋವಿ. ಅದಕ್ಕೆ ನಮ್ಮ ಕಡೆ ನಿಜವಾದ ವಿಮರ್ಶಕರು ಕೋವಿ ರಿಪೇರಿ ಮಾಡುವವರು. ಯಾವ ತಯಾರಿಕೆಯದ್ದು ಎಷ್ಟು ವರ್ಷಕ್ಕೆ ಬಿಜಾಗರಿ ಸಡಿಲವಾಗಿ ಬರುತ್ತದೆ, ಯಾವುದರ ಸೇಫ್ಟಿ ಸವೆಯುತ್ತದೆ, ಅವರ ಕೈಗೆ ಗೊತ್ತು. ಅವರು ಒಂದಲ್ಲ, ನೂರಾರು ನೋಡಿರುತ್ತಾರೆ. ಅಂದರೆ ಕೈ ಮೂಟೆಯ ಅಡಿಯವರೆಗೆ ಹೋಗಿರುತ್ತದೆ. ಚುನಾವಣೆಗೆ ಠಾಣೆಯಲ್ಲಿ ಕೋವಿ ಇಡಲು ಹೋದಾಗ ಸಾಲಿನಲ್ಲಿ ನಿಂತ ರೈತರನ್ನೂ ಕೇಳಿ. ಇಪ್ಪತ್ತು ವರ್ಷ ಬಳಸಿದವರು ಅಲ್ಲೇ ಸಿಗುತ್ತಾರೆ.

ವಿಡಿಯೋ ನೋಡುವುದಾದರೆ ಅಂಕೋಲೆಯ ತಂಗಿ ಕೇಳಿದ್ದನ್ನೇ ಕೇಳಿ. ಬಂದೂಕು ಕಡವೋ ಕೊಂಡದ್ದೋ, ಎಷ್ಟು ಈಡು, ಜಾಮ್ ಆಗಿದ್ದನ್ನು ತೋರಿಸಿದನೋ ಕತ್ತರಿಸಿದನೋ. ವರ್ಷದ ಮೇಲೆ ಅದೇ ಬಂದೂಕಿನ ಬಗ್ಗೆ ಮತ್ತೆ ಮಾತಾಡಿದವನಿದ್ದರೆ ಅವನ ಮಾತಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ದೋಟಿ ಕೊಯ್ಲು (ಯಲ್ಲಾಪುರ):

ಅಣ್ಣ, ನಾಲ್ಕು ಸಲ ಜಾಮ್ ಆದ ಆ ಪಿಸ್ತೂಲಿನ ವಿಡಿಯೋ ಕಡೆಗೆ ಏನಾಯಿತು? ಹಾಕಿದರಾ?

ಬೆಟ್ಟದ ಮನೆ (ಶಿರಸಿ):

ಹಾಕಿದ. ಮೂರು ವಾರ ಯೋಚನೆ ಮಾಡಿ ಎರಡನ್ನೂ ಒಂದೇ ವಿಡಿಯೋದಲ್ಲಿ ಇಟ್ಟ. ಮೊದಲನೆಯದು ಹೀಗಿತ್ತು, ಎರಡನೆಯದು ಹೀಗಿತ್ತು, ಎರಡನೆಯದನ್ನು ಕಂಪನಿಯವರು ನನ್ನ ದೂರು ಓದಿದ ಮೇಲೆ ಆರಿಸಿ ಕಳಿಸಿದ್ದು ಎಂದು ಮೊದಲ ನಿಮಿಷದಲ್ಲೇ ಹೇಳಿದ. ಬೆದರಿಕೆ ಏನೂ ಬರಲಿಲ್ಲ. ನಾನು ಅಲ್ಲಿರುವ ತನಕ ಆ ಕಂಪನಿಯಿಂದ ಮತ್ತೆ ಬಂದೂಕೂ ಬರಲಿಲ್ಲ. ಅವರ ಮುಂದಿನ ಮಾಡೆಲನ್ನು ಅವನು ಅಂಗಡಿಯಿಂದ ತನ್ನ ದುಡ್ಡಿಗೆ ತಂದ, ಎಲ್ಲರಿಗಿಂತ ಎರಡು ತಿಂಗಳು ತಡವಾಗಿ ವಿಮರ್ಶೆ ಹಾಕಿದ. ನೋಡಿದವರು ಕಡಿಮೆ.

ತಮ್ಮಾ, ನಿನ್ನ ಬಿರುಕಿನ ವಿಡಿಯೋ ಈಗಲೂ ಹಾಕಬಹುದು. ಕೇರಿಯವರ ದೋಟಿಯನ್ನೂ ಪಕ್ಕದಲ್ಲಿಟ್ಟು ತೋರಿಸು.

ನಾನು ಭಾನುವಾರ ಮತ್ತೆ ಸಿದ್ದಾಪುರಕ್ಕೆ ಹೋಗುತ್ತಿದ್ದೇನೆ. ಆ ಹುಡುಗನ ಮೊಬೈಲಿನಲ್ಲೇ ಆ ವಿಡಿಯೋ ಹಾಕಿಸಿ, ಹಿರಿಯರ ಪಕ್ಕ ಕುಳಿತು ನೋಡಬೇಕು. ಅವರ ಜೋಡಿ ನಳಿಗೆ ಕೋವಿ ತೋಟಾ ತುಂಬಿದ ಹಾಗೇ ನಡುಮನೆಯ ಗೋಡೆಗೆ ಒರಗಿ ನಿಂತಿರುತ್ತದೆ. ಅವತ್ತು ಕಂಡೂ ಹೇಳದೆ ಬಂದಿದ್ದೆ.